ನದಿಯ ಈಚೆ ಏಳು ದಿನ, ಆಚೆ ಮೂರು ದಿನ: ಅಮೆರಿಕದಲ್ಲಿ ಹಲ್ಲಿನ ಡಾಕ್ಟರು ನೋವಿನ ಚೀಟಿ ಬರೆಯುವುದು ಹೇಗೆ

ವಾರದಲ್ಲಿ ನಾಲ್ಕು ದಿನ ನಾನು ಸಿನ್ಸಿನಾಟಿಯಲ್ಲಿ ಹಲ್ಲು ನೋಡುತ್ತೇನೆ. ಶುಕ್ರವಾರ ಮಾತ್ರ ಒಹಾಯೋ ನದಿ ದಾಟಿ ಕೆಂಟಕಿಯ ಕವಿಂಗ್ಟನ್‌ಗೆ ಹೋಗುತ್ತೇನೆ. ಸೇತುವೆ ದಾಟಲು ಐದು ನಿಮಿಷ ಸಾಕು. ಅಷ್ಟರಲ್ಲಿ ನನ್ನ ಲೈಸೆನ್ಸ್ ಬದಲಾಗುತ್ತದೆ, ಡಿಇಎ (ನಿಯಂತ್ರಿತ ಔಷಧಿಗಳ ಮೇಲೆ ಕಣ್ಣಿಡುವ ಕೇಂದ್ರ ಸಂಸ್ಥೆ) ನಂಬರ್ ಬದಲಾಗುತ್ತದೆ, ಲಾಗಿನ್ ಆಗಬೇಕಾದ ವೆಬ್‌ಸೈಟ್ ಬದಲಾಗುತ್ತದೆ. ಗುರುವಾರ ಕಿತ್ತದ್ದೂ ಕೆಳದವಡೆಯ ಬುದ್ಧಿಹಲ್ಲೇ, ಶುಕ್ರವಾರ ಕಿತ್ತದ್ದೂ ಅದೇ. ನೋವೂ ಒಂದೇ. ಆದರೆ ಈಚೆ ದಡದಲ್ಲಿ ಒಪಿಯಾಯ್ಡ್ ಮಾತ್ರೆಗೆ, ಅಂದರೆ ಅಫೀಮಿನ ಜಾತಿಯ, ಚಟ ಹಿಡಿಸಬಹುದಾದ ಬಲವಾದ ನೋವಿನ ಮಾತ್ರೆಗೆ, ಏಳು ದಿನದ ಮಿತಿ, ಆಚೆ ದಡದಲ್ಲಿ ಮೂರು ದಿನದ ಮಿತಿ.

ಊರಲ್ಲಿ ಬಿಡಿಎಸ್ ಮುಗಿಸಿ, ಇಲ್ಲಿ ಮತ್ತೆ ಡಿಡಿಎಸ್ ಓದಿ, ಲೈಸೆನ್ಸ್ ಕೈಗೆ ಬಂದ ಕೂಡಲೇ ನಮ್ಮ ಕಡೆಯ ಹುಡುಗ ಹುಡುಗಿಯರು ಫೋನ್ ಮಾಡುತ್ತಾರೆ. "ಅಕ್ಕಾ, ನಾರ್ಕೋ ಎಷ್ಟು ಬರೆಯಬಹುದು?" ನಾರ್ಕೋ ಅಂದರೆ ಹೈಡ್ರೊಕೊಡೋನ್ ಅನ್ನುವ ಒಪಿಯಾಯ್ಡ್ ಸೇರಿದ ಮಾತ್ರೆ. ಎಲ್ಲರದ್ದೂ ಇದೇ ಮೊದಲ ಪ್ರಶ್ನೆ. ಪ್ರತಿ ಸಲ ಫೋನಿನಲ್ಲೇ ಹೇಳಿ ಹೇಳಿ, ಈಗ ಬರೆದೇ ಇಡೋಣ ಅನ್ನಿಸಿತು.

ಮೊದಲು ನನ್ನ ಒಂದು ತಪ್ಪನ್ನು ಹೇಳಿಬಿಡುತ್ತೇನೆ. ಕೆಲಸಕ್ಕೆ ಸೇರಿದ ಮೊದಲ ವರ್ಷ. ಹದಿನೇಳರ ಹುಡುಗ, ನಾಲ್ಕೂ ಬುದ್ಧಿಹಲ್ಲು ತೆಗೆದಿದ್ದೆ. ಆ ಕ್ಲಿನಿಕ್ಕಿನ ಕಂಪ್ಯೂಟರಿನಲ್ಲಿ ಚೀಟಿಯ ನಮೂನೆ ಸಿದ್ಧವಾಗಿಯೇ ಇತ್ತು: ಹೈಡ್ರೊಕೊಡೋನ್ 5 ಮಿಲಿಗ್ರಾಂ, ಆರು ಗಂಟೆಗೊಂದು, 20 ಮಾತ್ರೆ. ಆರು ಗಂಟೆಗೊಂದರಂತೆ 20 ಮಾತ್ರೆ ಅಂದರೆ ಸರಿಯಾಗಿ ಐದು ದಿನ. ಒಹಾಯೋದಲ್ಲಿ ಹದಿನೆಂಟು ತುಂಬದವರಿಗೆ ಐದು ದಿನವೇ ಮಿತಿ. ಅಮ್ಮನ ಸಹಿ ತಗೊಂಡಿದ್ದೆ, ಎಲ್ಲವೂ ಕಾನೂನಿನ ಒಳಗೇ ಇತ್ತು. ಎಂಟು ತಿಂಗಳಾದ ಮೇಲೆ ಆ ತಾಯಿ ತಮ್ಮ ಹಲ್ಲು ಕ್ಲೀನಿಂಗಿಗೆ ಬಂದರು. ಮಗ ಎರಡೇ ಮಾತ್ರೆ ನುಂಗಿದ್ದನಂತೆ. ಉಳಿದದ್ದು ಅಡುಗೆಮನೆ ಕಪಾಟಿನಲ್ಲಿತ್ತು. ಮೊನ್ನೆ ಎಣಿಸಿದರೆ ಡಬ್ಬಿಯಲ್ಲಿ ಹನ್ನೊಂದೇ ಇವೆ ಅಂದರು. ಏಳು ಮಾತ್ರೆ ಎಲ್ಲಿ ಹೋದವು, ಯಾರು ತೆಗೆದರು ಅಂತ ಆ ಮನೆಯಲ್ಲಿ ಯಾರಿಗೂ ಗೊತ್ತಾಗಲೇ ಇಲ್ಲ. ಅವರ ಮುಖ ನನಗೆ ಇವತ್ತಿಗೂ ನೆನಪಿದೆ.

ರಾಜ್ಯ ಹೇಳುವುದು ಇದಕ್ಕಿಂತ ಮೇಲೆ ಹೋಗಬೇಡ ಅಂತ ಮಾತ್ರ. ಇಷ್ಟು ಬರೆ ಅಂತ ಅದು ಎಲ್ಲೂ ಹೇಳುವುದಿಲ್ಲ. ಮುಂದಿನದನ್ನೆಲ್ಲ ಈ ಮಾತನ್ನು ತಲೆಯಲ್ಲಿಟ್ಟುಕೊಂಡು ಓದಿ.

ಮೊದಲು ಕಾಗದಪತ್ರ

ಹಲ್ಲಿನ ಡಾಕ್ಟರ ಲೈಸೆನ್ಸ್ ಕೊಡುವುದು, ಕಿತ್ತುಕೊಳ್ಳುವುದು ಎರಡೂ ರಾಜ್ಯದ ಕೆಲಸ. ಒಹಾಯೋದಲ್ಲಿ ಸ್ಟೇಟ್ ಡೆಂಟಲ್ ಬೋರ್ಡ್, ಕೆಂಟಕಿಯಲ್ಲಿ ಬೋರ್ಡ್ ಆಫ್ ಡೆಂಟಿಸ್ಟ್ರಿ. ಆದರೆ ನಿಯಂತ್ರಿತ ಔಷಧಿ ಬರೆಯಬೇಕಾದರೆ ಕೇಂದ್ರ ಸರ್ಕಾರದ ಡಿಇಎ ನೋಂದಣಿಯೂ ಬೇಕು. ರಾಜ್ಯದ ಲೈಸೆನ್ಸ್ ಬಂದ ಮೇಲೆಯೇ ಅದಕ್ಕೆ ಅರ್ಜಿ ಹಾಕಬೇಕು. ಅರ್ಜಿಯ ಹೆಸರು ಫಾರ್ಮ್ 224, ಶುಲ್ಕ 888 ಡಾಲರ್, ಮೂರು ವರ್ಷಕ್ಕೆ. ಎರಡು ರಾಜ್ಯದಲ್ಲಿ ಚೀಟಿ ಬರೆಯುವವರಿಗೆ ಎರಡು ನೋಂದಣಿ ಬೇಕು. ಒಂದೇ ನಂಬರಿನಲ್ಲಿ ಎರಡೂ ಕಡೆ ನಡೆಯುತ್ತದೆ ಅಂದುಕೊಂಡು ಸಿಕ್ಕಿಹಾಕಿಕೊಂಡವರನ್ನು ನಾನು ನೋಡಿದ್ದೇನೆ. ಹೊಸ ಕೆಲಸಕ್ಕೆ ಸಹಿ ಹಾಕುವ ಮುಂಚೆಯೇ ಈ ಖರ್ಚು ಯಾರು ಕೊಡುತ್ತಾರೆ ಅಂತ ಕೇಳಿಕೊಳ್ಳಿ.

ಮಿಷಿಗನ್, ಇಲಿನಾಯ್, ನ್ಯೂಜೆರ್ಸಿಯಂಥ ಕೆಲವು ರಾಜ್ಯಗಳು ಇದರ ಜೊತೆಗೆ ತಮ್ಮದೇ ಒಂದು ಪ್ರತ್ಯೇಕ ನೋಂದಣಿಯನ್ನೂ ಕೇಳುತ್ತವೆ.

ಇನ್ನೊಂದು ಇದೆ, ಹೊಸಬರು ಮರೆಯುವುದು ಇದನ್ನೇ. 2022ರ ಕೊನೆಯಲ್ಲಿ ಬಂದ ಮೇಟ್ ಕಾಯ್ದೆಯ ಪ್ರಕಾರ, 2023ರ ಜೂನ್ 27ರಿಂದ ಡಿಇಎಗೆ ಮೊದಲ ಸಲ ಅರ್ಜಿ ಹಾಕುವವರೂ ನವೀಕರಿಸುವವರೂ ವ್ಯಸನದ ಚಿಕಿತ್ಸೆ ಬಗ್ಗೆ 8 ಗಂಟೆಯ ತರಬೇತಿ ಆಗಿದೆ ಅಂತ ಗುರುತು ಹಾಕಬೇಕು. ಒಮ್ಮೆ ಮಾಡಿದರೆ ಆಯಿತು, ಮತ್ತೆ ಬೇಡ. ಎಂಟೂ ಗಂಟೆ ಒಂದೇ ದಿನ ಕೂರಬೇಕಿಲ್ಲ. ಬಿಡಿಬಿಡಿಯಾಗಿ ಮಾಡಿದ್ದೂ ಲೆಕ್ಕಕ್ಕೆ ಬರುತ್ತದೆ. ಸರ್ಟಿಫಿಕೇಟುಗಳನ್ನು ಮಾತ್ರ ಜೋಪಾನವಾಗಿ ಇಟ್ಟುಕೊಳ್ಳಿ.

ಕ್ಲಿನಿಕ್ಕಿನಲ್ಲಿ ನಿದ್ರೆಯ ಔಷಧಿ, ಮಿಡಾಜೊಲಮ್ ಮುಂತಾದವನ್ನು ದಾಸ್ತಾನು ಇಡುವವರಿಗೆ ಬೀಗದ ಕಪಾಟು, ಎರಡು ವರ್ಷಕ್ಕೊಮ್ಮೆ ಎಣಿಕೆ, ಕಳವಾದರೆ ಫಾರ್ಮ್ 106 ಅಂತ ಬೇರೆಯೇ ಕಟ್ಟಳೆ ಇದೆ. ನಾನು ದಾಸ್ತಾನು ಇಡುವುದಿಲ್ಲ, ಹಾಗಾಗಿ ಅದನ್ನು ಇಲ್ಲಿ ಬೆಳೆಸುವುದಿಲ್ಲ.

ಯಾವ ಮಾತ್ರೆ ಯಾವ ಪಟ್ಟಿಯಲ್ಲಿ

ಕೇಂದ್ರ ಸರ್ಕಾರ ಈ ಔಷಧಿಗಳನ್ನು ಚಟದ ಅಪಾಯ ನೋಡಿ ಐದು ಷೆಡ್ಯೂಲ್‌ಗಳಾಗಿ ವಿಂಗಡಿಸಿದೆ, ಅಂಕೆ ಚಿಕ್ಕದಾದಷ್ಟೂ ಬಿಗಿ ಹೆಚ್ಚು. ನಮಗೆ ಬೇಕಾದದ್ದು ಮೂರೇ ಸಾಲು. ಆಕ್ಸಿಕೊಡೋನ್ ಷೆಡ್ಯೂಲ್ 2. ಹೈಡ್ರೊಕೊಡೋನ್ ಜೊತೆ ಅಸಿಟಮಿನೋಫೆನ್ ಸೇರಿದ ಮಾತ್ರೆ, ಅಂದರೆ ನಾರ್ಕೋ, ವೈಕೊಡಿನ್, ಮೊದಲು ಷೆಡ್ಯೂಲ್ 3ರಲ್ಲಿತ್ತು. 2014ರ ಅಕ್ಟೋಬರ್ 6ರಿಂದ ಅದೂ ಷೆಡ್ಯೂಲ್ 2. ಕೋಡೀನ್ ಸೇರಿದ ಟೈಲೆನಾಲ್ ಷೆಡ್ಯೂಲ್ 3, ಟ್ರಮಡಾಲ್ ಷೆಡ್ಯೂಲ್ 4.

ಷೆಡ್ಯೂಲ್ 2ಕ್ಕೆ ರೀಫಿಲ್ ಇಲ್ಲವೇ ಇಲ್ಲ. ನೋವು ಇನ್ನೂ ಇದೆ ಅಂದರೆ ಹೊಸ ಚೀಟಿಯೇ ಬೇಕು. ಇದನ್ನು ತೊಂದರೆ ಅಂತ ಅಂದುಕೊಳ್ಳಬೇಡಿ. ಮೂರನೇ ದಿನ, ನಾಲ್ಕನೇ ದಿನ ನೋವು ಇಳಿಯುವ ಬದಲು ಏರಿದರೆ ಅದು ಡ್ರೈ ಸಾಕೆಟ್ (ಹಲ್ಲು ಕಿತ್ತ ಗುಳಿಯ ಹೆಪ್ಪುರಕ್ತ ಹೋಗಿ ಮೂಳೆ ತೆರೆದುಕೊಳ್ಳುವುದು) ಇರಬಹುದು, ಸೋಂಕು ಇರಬಹುದು. ರೋಗಿಯನ್ನು ಕರೆಸಿ ಬಾಯಿ ತೆರೆಸಿ ನೋಡಬೇಕು. ಡ್ರೈ ಸಾಕೆಟ್ ಆಗಿದ್ದರೆ ತೊಳೆದು ಔಷಧಿಯ ಪಟ್ಟಿ ತುಂಬಿದ ಹತ್ತು ನಿಮಿಷಕ್ಕೆ ರೋಗಿಯ ಮುಖದ ಬಿಗಿ ಸಡಿಲವಾಗುವುದು ಕಾಣುತ್ತದೆ. ಆ ನೋವನ್ನು ಮಾತ್ರೆಯಿಂದ ಮುಚ್ಚಿದರೆ ಮೂಲ ಹಾಗೇ ಉಳಿಯುತ್ತದೆ.

ನದಿಯ ಎರಡು ದಡಕ್ಕೆ ಇನ್ನೂ ಒಂದು ವ್ಯತ್ಯಾಸವಿದೆ. ಮುಖದ ನರದ ನೋವಿಗೆ ಕೊಡುವ ಗ್ಯಾಬಪೆಂಟಿನ್ 2017ರ ಜುಲೈನಿಂದ ಕೆಂಟಕಿಯಲ್ಲಿ ಷೆಡ್ಯೂಲ್ 5ರ ನಿಯಂತ್ರಿತ ಔಷಧಿ. ಒಹಾಯೋದಲ್ಲಿ ಅದು ಯಾವ ಷೆಡ್ಯೂಲಿನಲ್ಲೂ ಇಲ್ಲ, ಆದರೆ ರಾಜ್ಯದ ಚೀಟಿ ದಾಖಲೆಯಲ್ಲಿ ಕಾಣುತ್ತದೆ. ಒಂದು ದಡದಲ್ಲಿ ಕಲಿತದ್ದನ್ನು ಇನ್ನೊಂದು ದಡಕ್ಕೆ ಹಾಗೇ ಹೊತ್ತುಕೊಂಡು ಹೋಗಬಾರದು ಅಂತ ನಾನು ಹೇಳುವುದು ಇದಕ್ಕೇ.

ದಿನಗಳ ಲೆಕ್ಕ

ಮೊದಲು ಮಿತಿ ಹಾಕಿದ್ದು ಮ್ಯಾಸಚೂಸೆಟ್ಸ್, 2016ರ ಮಾರ್ಚ್‌ನಲ್ಲಿ. ಮೊದಲ ಸಲ ಒಪಿಯಾಯ್ಡ್ ತಗೊಳ್ಳುವ ವಯಸ್ಕರಿಗೆ ಏಳು ದಿನ. ಅದೇ ವರ್ಷ ನ್ಯೂಯಾರ್ಕ್ ಕೂಡ ಏಳು ದಿನ ಅಂದಿತು. 2017ರಲ್ಲಿ ನ್ಯೂಜೆರ್ಸಿ ಐದು ದಿನಕ್ಕೆ ಇಳಿಸಿತು. ಅದೇ ವರ್ಷ ಕೆಂಟಕಿ ಷೆಡ್ಯೂಲ್ 2ಕ್ಕೆ ಮೂರು ದಿನ ಅಂದಿತು. 2018ರ ಜುಲೈನಿಂದ ಫ್ಲಾರಿಡಾದಲ್ಲೂ ಮೂರು ದಿನ. ಕಾರಣ ಬರೆದರೆ ಅಲ್ಲಿ ಏಳರವರೆಗೆ ಹೋಗಬಹುದು. ಮಿಷಿಗನ್‌ನಲ್ಲಿ ಏಳು, ಟೆಕ್ಸಸ್‌ನಲ್ಲಿ ಹತ್ತು. ವೆಸ್ಟ್ ವರ್ಜೀನಿಯಾ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಹಲ್ಲಿನ ಡಾಕ್ಟರಿಗೇ ಅಂತ ಪ್ರತ್ಯೇಕವಾಗಿ ಮೂರು ದಿನ ಇಟ್ಟಿದೆ. ಇದನ್ನೆಲ್ಲ ಬಾಯಿಪಾಠ ಮಾಡಬೇಡಿ, ಕಾನೂನು ಬದಲಾಗುತ್ತಿರುತ್ತದೆ. ನಾನು ಪ್ರತಿ ಜನವರಿಯ ಮೊದಲ ವಾರ ಎರಡೂ ಬೋರ್ಡುಗಳ ವೆಬ್‌ಸೈಟ್ ತೆರೆದು ನಿಯಮವನ್ನು ಹೊಸದಾಗಿ ಓದುತ್ತೇನೆ. ಒಂದು ಹಾಳೆಯಲ್ಲಿ ಬರೆದು ಮಾನಿಟರ್ ಪಕ್ಕ ಅಂಟಿಸುತ್ತೇನೆ. ನೀವೂ ಹಾಗೇ ಮಾಡಿ.

ನನ್ನ ಹಾಳೆಯಲ್ಲಿ ಒಹಾಯೋದ ಭಾಗ ಹೀಗಿದೆ. 2017ರ ಆಗಸ್ಟ್ 31ರಿಂದ, ಆಗಷ್ಟೇ ಶುರುವಾದ ನೋವಿಗೆ ವಯಸ್ಕರಿಗೆ ಏಳು ದಿನ, ಮಕ್ಕಳಿಗೆ ಐದು ದಿನ. ಈ ದಿನಗಳನ್ನು ಮೀರಬೇಕಾದರೆ ಕಾರಣವನ್ನು ರೋಗಿಯ ಕಡತದಲ್ಲಿ ಬರೆದಿಡಬೇಕು. ದಿನಕ್ಕೆ ಸರಾಸರಿ 30 ಎಂಇಡಿ ಮೀರಬಾರದು, ಆ ಅಳತೆ ಏನು ಅಂತ ಮುಂದೆ ಹೇಳುತ್ತೇನೆ. ಚೀಟಿಯ ಮೇಲೆ ಎಷ್ಟು ದಿನಕ್ಕೆ ಅಂತ ಇರಬೇಕು, ಕಾಯಿಲೆಯ ಅಥವಾ ಚಿಕಿತ್ಸೆಯ ಕೋಡ್ ಕೂಡ ಇರಬೇಕು. ಮೂಳೆಯೊಳಗೆ ಪೂರ್ತಿ ಹೂತ ಬುದ್ಧಿಹಲ್ಲಿಗೆ ಡಿ7240 ಅಂತ ಬರೆಯುತ್ತೇನೆ.

ಕೆಂಟಕಿಯ ಭಾಗ ಚಿಕ್ಕದು. ಷೆಡ್ಯೂಲ್ 2 ಮೂರು ದಿನ. 2021ರ ಜನವರಿಯಿಂದ ನಿಯಂತ್ರಿತ ಔಷಧಿಯ ಚೀಟಿ ಕಂಪ್ಯೂಟರಿನಿಂದ ನೇರ ಫಾರ್ಮಸಿಗೆ ಹೋಗಬೇಕು. ಅದಕ್ಕೆ ಪಾಸ್‌ವರ್ಡ್ ಜೊತೆ ಎರಡನೇ ಗುರುತೂ ಬೇಕು, ನನ್ನದು ಫೋನಿನಲ್ಲಿ ಬರುವ ಸಂಖ್ಯೆ. ಅದನ್ನು ಯಾವ ಕಾರಣಕ್ಕೂ ಅಸಿಸ್ಟೆಂಟ್ ಕೈಗೆ ಕೊಡಬೇಡಿ. ಎಷ್ಟೇ ನಂಬಿಕೆಯವರಾದರೂ ಬೇಡ. ಆ ಸಹಿಗೆ ಹೊಣೆ ನೀವೊಬ್ಬರೇ.

ಎಂಇಡಿ ಅಂದರೆ ಏನು

ಬೇರೆ ಬೇರೆ ಒಪಿಯಾಯ್ಡ್‌ಗಳನ್ನು ಮಾರ್ಫೀನ್‌ನ ಅಳತೆಗೆ ತಂದು ಹೋಲಿಸುವ ಲೆಕ್ಕ. ಕೆಲವರು ಎಂಎಂಇ ಅನ್ನುತ್ತಾರೆ. ದಿನಕ್ಕೆ ಎಷ್ಟು ಮಿಲಿಗ್ರಾಂ ಆಗುತ್ತದೋ ಅದನ್ನು ಆ ಔಷಧಿಯ ಅಂಕೆಯಿಂದ ಗುಣಿಸಿದರೆ ಆಯಿತು. ಹೈಡ್ರೊಕೊಡೋನ್‌ಗೆ 1, ಆಕ್ಸಿಕೊಡೋನ್‌ಗೆ 1.5, ಕೋಡೀನ್‌ಗೆ 0.15.

ಹೈಡ್ರೊಕೊಡೋನ್ 5 ಮಿಲಿಗ್ರಾಂ ಆರು ಗಂಟೆಗೊಂದು: ದಿನಕ್ಕೆ ನಾಲ್ಕು ಮಾತ್ರೆ, 20 ಮಿಲಿಗ್ರಾಂ, ಅಂದರೆ 20. ಆಕ್ಸಿಕೊಡೋನ್ 5 ಮಿಲಿಗ್ರಾಂ ಅದೇ ಥರ ಕೊಟ್ಟರೆ 20ನ್ನು 1.5ರಿಂದ ಗುಣಿಸಿ 30. ಒಹಾಯೋದ ಮಿತಿಗೆ ತಾಗಿಯೇ ಬಿಟ್ಟಿತು. ಅದನ್ನೇ ನಾಲ್ಕು ಗಂಟೆಗೊಂದು ಅಂತ ಬರೆದರೆ ದಿನಕ್ಕೆ ಆರು ಮಾತ್ರೆ, 45 ಆಗಿ ಮಿತಿ ದಾಟುತ್ತದೆ. ಮಾತ್ರೆ ಅದೇ. ನಡುವಿನ ಗಂಟೆ ಬದಲಾಯಿತು, ಅಷ್ಟೇ. ಹೊಸದರಲ್ಲಿ ಇದನ್ನು ಪ್ರತಿ ಸಲ ಕಾಗದದ ಮೇಲೆ ಮಾಡಿ ನೋಡಿ.

ಚೀಟಿಗೂ ಮುಂಚೆ ಕುರ್ಚಿಯಲ್ಲೇ ಆಗಬೇಕಾದ ಕೆಲಸ

ಬೆಂಗಳೂರಿನಲ್ಲಿ ಓದುವಾಗ ನಾವು ಹಲ್ಲು ಕಿತ್ತ ಮೇಲೆ ಐಬುಪ್ರೊಫೆನ್ ಪ್ಯಾರಸಿಟಮಾಲ್ ಜೋಡಿ ಬರೆದು ಕಳಿಸುತ್ತಿದ್ದೆವು. ಜನ ಮಾರನೇ ದಿನ ಕೆಲಸಕ್ಕೆ ಹೋಗುತ್ತಿದ್ದರು. ಇಲ್ಲಿಗೆ ಬಂದ ಮೇಲೆ ಅದು ಬಡವರ ಔಷಧಿ, ಇಲ್ಲಿಯದೇ ಸರಿಯಾದದ್ದು ಅಂತ ನಾನು ನಂಬಿಬಿಟ್ಟಿದ್ದೆ. ಆಮೇಲೆ ಓದಿ ತಿಳಿದೆ, ಊರಲ್ಲಿ ನಮ್ಮ ಮೇಡಂ ಕಲಿಸಿದ್ದೇ ಸರಿ. ಅಮೆರಿಕನ್ ಡೆಂಟಲ್ ಅಸೋಸಿಯೇಷನ್ನಿನ ಮಾರ್ಗಸೂಚಿ ಕೂಡ ಹಲ್ಲಿನ ನೋವಿಗೆ ಮೊದಲ ಆಯ್ಕೆ ಐಬುಪ್ರೊಫೆನ್ ಅಥವಾ ನ್ಯಾಪ್ರೊಕ್ಸೆನ್, ಬೇಕಾದರೆ ಜೊತೆಗೆ ಅಸಿಟಮಿನೋಫೆನ್ ಅನ್ನುತ್ತದೆ. ಅಸಿಟಮಿನೋಫೆನ್ ಅಂದರೆ ನಮ್ಮ ಪ್ಯಾರಸಿಟಮಾಲೇ. 2016ರ ಲೆಕ್ಕ ತೆಗೆದು ಹೋಲಿಸಿದ ಒಂದು ಅಧ್ಯಯನದಲ್ಲಿ ಅಮೆರಿಕದ ಹಲ್ಲಿನ ಡಾಕ್ಟರುಗಳು ಬರೆದ ಔಷಧಿಗಳಲ್ಲಿ ನೂರಕ್ಕೆ 22.3 ಒಪಿಯಾಯ್ಡ್, ಇಂಗ್ಲೆಂಡಿನಲ್ಲಿ ನೂರಕ್ಕೆ 0.6. ಇಂಗ್ಲೆಂಡಿನವರ ದವಡೆ ಬೇರೆಯೇನಲ್ಲ, ಅಲ್ವಾ?

ನಾನು ಮಾಡುವುದು ಹೀಗೆ. ಕಷ್ಟದ ಬುದ್ಧಿಹಲ್ಲಾದರೆ, ವಯಸ್ಕರಿಗೆ ಕೆಲಸದ ಕೊನೆಯಲ್ಲಿ ಬುಪಿವಕೇನ್ ಇಂಜೆಕ್ಷನ್ ಕೊಡುತ್ತೇನೆ. ಅದರ ಜೋಮು ತುಂಬ ಹೊತ್ತು ಇರುತ್ತದೆ, ಮೊದಲ ಸಂಜೆ ಆರಾಮವಾಗಿ ಕಳೆಯುತ್ತದೆ. ಜೋಮು ಇಳಿಯುವ ಮುಂಚೆಯೇ ಮೊದಲ ಮಾತ್ರೆ ಹೊಟ್ಟೆಗೆ ಬಿದ್ದಿರಬೇಕು, ಇದನ್ನು ಎರಡು ಸಲ ಹೇಳುತ್ತೇನೆ. ಐಬುಪ್ರೊಫೆನ್ 400, ಅಸಿಟಮಿನೋಫೆನ್ 500, ಎರಡೂ ಒಟ್ಟಿಗೆ, ಊಟದ ಜೊತೆ, ಆರು ಗಂಟೆಗೊಮ್ಮೆ. ಮೊದಲ ಎರಡು ದಿನ ನೋವು ಬರಲಿ ಅಂತ ಕಾಯಬಾರದು, ಗಡಿಯಾರ ನೋಡಿ ನುಂಗಬೇಕು. ರಾತ್ರಿಯ ಮಾತ್ರೆಗೆ ಫೋನಿನಲ್ಲಿ ಅಲಾರಂ ಇಡಿಸುತ್ತೇನೆ, ನನ್ನ ಎದುರಿಗೇ.

ಕಿಡ್ನಿ ತೊಂದರೆ, ಹೊಟ್ಟೆ ಹುಣ್ಣು, ರಕ್ತ ತೆಳುವಾಗಿಸುವ ಮಾತ್ರೆ ಇರುವವರಿಗೆ ಐಬುಪ್ರೊಫೆನ್ ಬೇಡ. ಇಪ್ಪತ್ತು ವಾರ ದಾಟಿದ ಬಸುರಿಗೂ ಬೇಡ. ಇಂಥವರಿಗೆ ಅಸಿಟಮಿನೋಫೆನ್ ಒಂದೇ, ಪ್ರಮಾಣವನ್ನು ಅವರವರ ಡಾಕ್ಟರ ಜೊತೆ ಮಾತಾಡಿ ಇಡಿ. ಅಸಿಟಮಿನೋಫೆನ್ ದಿನಕ್ಕೆ 4,000 ಮಿಲಿಗ್ರಾಂ ದಾಟಬಾರದು. ನಾರ್ಕೋ ಮಾತ್ರೆಯೊಳಗೇ 325 ಇದೆ ಅಂತ ರೋಗಿಗೆ ಗೊತ್ತಿರುವುದಿಲ್ಲ. ಅದನ್ನೂ ಲೆಕ್ಕಕ್ಕೆ ಸೇರಿಸಿ.

ಹಲ್ಲಿನ ನರ ಉರಿದು ಒದ್ದಾಡುತ್ತಾ ಬಂದವರಿಗೆ ಚೀಟಿ ಕೊಟ್ಟು ಮುಂದಿನ ವಾರ ಬನ್ನಿ ಅನ್ನಬೇಡಿ. ಅವತ್ತೇ ಹಲ್ಲು ತೆರೆಯಿರಿ, ಕೀವಿದ್ದರೆ ಬಿಡಿಸಿ. ಸಮಯವಿಲ್ಲದೆ ಬರೆದ ಚೀಟಿ ನೋವನ್ನೂ ಮುಗಿಸುವುದಿಲ್ಲ, ಒಪಿಯಾಯ್ಡನ್ನೂ ಮನೆಗೆ ಕಳಿಸುತ್ತದೆ.

ಇಷ್ಟೆಲ್ಲ ಆದ ಮೇಲೂ ಒಪಿಯಾಯ್ಡ್ ಬೇಕಾಗುವವರು ಇದ್ದಾರೆ. ಮೂಳೆ ಜಾಸ್ತಿ ಕೊರೆದಿರುತ್ತೇವೆ, ಅಥವಾ ಅವರಿಗೆ ಐಬುಪ್ರೊಫೆನ್ ಆಗುವುದಿಲ್ಲ. ಅಂಥವರಿಗೆ ಬರೆಯಲು ಹೆದರಬೇಡಿ. ನೋವಿನಲ್ಲಿ ನರಳುವವರನ್ನು ಬರಿಗೈಯಲ್ಲಿ ಕಳಿಸುವುದೂ ತಪ್ಪೇ. ನಾನು ಆರೋ ಎಂಟೋ ಮಾತ್ರೆ ಬರೆಯುತ್ತೇನೆ, ಎರಡು ದಿನಕ್ಕೆ ಸಾಕು. ಕೆಲವರಿಗೆ ಪೂರ್ತಿ ಬೇಡ ಅನ್ನಿಸಿದರೆ ಫಾರ್ಮಸಿಯಲ್ಲಿ ಅರ್ಧವೇ ಕೊಡಿ ಅಂತ ಕೇಳಬಹುದು. ಷೆಡ್ಯೂಲ್ 2ರ ಮಾತ್ರೆಯನ್ನು ಹೀಗೆ ಭಾಗ ಮಾಡಿ ಕೊಡಲು 2016ರ ಕೇಂದ್ರ ಕಾನೂನು ದಾರಿ ಮಾಡಿದೆ. ಉಳಿದರ್ಧ ಬೇಕಾದರೆ 30 ದಿನದೊಳಗೆ ತಗೊಳ್ಳಬಹುದು. ಇದು ಎಷ್ಟೋ ಡಾಕ್ಟರುಗಳಿಗೇ ಗೊತ್ತಿಲ್ಲ.

ದಾಖಲೆ ನೋಡುವುದು

ಪ್ರತಿ ರಾಜ್ಯವೂ ನಿಯಂತ್ರಿತ ಔಷಧಿಯ ಚೀಟಿಗಳ ದಾಖಲೆ ಇಡುತ್ತದೆ. ಕೊನೆಗೆ ಸೇರಿದ್ದು ಮಿಸೌರಿ, ಅಲ್ಲಿ 2021ರಲ್ಲಿ ಕಾನೂನು ಆಯಿತು. ಒಹಾಯೋದ್ದಕ್ಕೆ ಓರ್ಸ್ ಅಂತಾರೆ, ಕೆಂಟಕಿಯದು ಕ್ಯಾಸ್ಪರ್. ಎರಡಕ್ಕೂ ಬೇರೆ ಖಾತೆ. ಯಾವಾಗ ನೋಡಲೇಬೇಕು ಅನ್ನುವುದು ರಾಜ್ಯಕ್ಕೊಂದು ಥರ. ಮಿಷಿಗನ್‌ನಲ್ಲಿ ಮೂರು ದಿನ ಮೀರಿದರೆ ಕಡ್ಡಾಯ. ಟೆಕ್ಸಸ್‌ನಲ್ಲಿ 2020ರ ಮಾರ್ಚ್‌ನಿಂದ ಒಪಿಯಾಯ್ಡ್ ಬರೆಯುವ ಮುನ್ನ ಕಡ್ಡಾಯ. ನಾನು ಎರಡು ದಡದಲ್ಲೂ, ಎರಡೇ ದಿನದ್ದಾದರೂ, ನೋಡದೆ ಬರೆಯುವುದಿಲ್ಲ. ಅಸಿಸ್ಟೆಂಟ್‌ಗೆ ಪ್ರತಿನಿಧಿ ಖಾತೆ ಮಾಡಿಕೊಟ್ಟರೆ ಅವರು ಬೆಳಿಗ್ಗೆಯೇ ವರದಿ ತೆಗೆದಿಡಬಹುದು. ಓದುವುದು ಮಾತ್ರ ನಮ್ಮ ಕೆಲಸ.

ಏನು ಓದಬೇಕು? ಹೆಸರು, ಹುಟ್ಟಿದ ದಿನ, ವಿಳಾಸ ಸರಿಯಿದೆಯಾ ಅಂತ ಮೊದಲು. ಒಂದೇ ಹೆಸರಿನ ಇಬ್ಬರು ಬೆರೆತುಹೋಗುವುದುಂಟು. ನಮ್ಮ ಹೆಸರುಗಳಂತೂ ಒಂದೊಂದು ಕಡೆ ಒಂದೊಂದು ಥರ ಬರೆದಿರುತ್ತಾರೆ. ಆಮೇಲೆ ಈಗಾಗಲೇ ಒಪಿಯಾಯ್ಡ್ ನಡೆಯುತ್ತಿದೆಯಾ, ಆಲ್‌ಪ್ರಜೊಲಮ್‌ನಂಥ ಬೆಂಜೊಡಯಾಜೆಪಿನ್ (ಆತಂಕಕ್ಕೆ, ನಿದ್ರೆಗೆ ಕೊಡುವ ಮಾತ್ರೆ) ಇದೆಯಾ ನೋಡಿ. ಒಪಿಯಾಯ್ಡ್ ಜೊತೆ ಅದು ಸೇರಿದರೆ ಉಸಿರು ನಿಧಾನವಾಗಿ ಸಾವೇ ಬರಬಹುದು. 2016ರಲ್ಲಿ ಔಷಧಿಗಳಿಗೆ ಅನುಮತಿ ಕೊಡುವ ಕೇಂದ್ರ ಸಂಸ್ಥೆ ಎಫ್‌ಡಿಎ ಇದಕ್ಕೆ ತನ್ನ ಅತಿ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿತು.

ಒಂದು ಪಟ್ಟಿ ಕಂಡ ಕೂಡಲೇ ರೋಗಿಯನ್ನು ಕಳ್ಳನಂತೆ ನೋಡಬೇಡಿ, ದಯವಿಟ್ಟು. ಕವಿಂಗ್ಟನ್ನಿನಲ್ಲಿ ಒಬ್ಬರು ಬಂದಿದ್ದರು. ವರದಿಯಲ್ಲಿ ಬುಪ್ರೆನಾರ್ಫಿನ್ ಇತ್ತು, ವ್ಯಸನದಿಂದ ಹೊರಬರಲು ತಗೊಳ್ಳುವ ಔಷಧಿ. ನಾಲಿಗೆಯ ಕೆಳಗೆ ಕರಗಿಸುವ ಅದರಿಂದ ಹಲ್ಲು ಹಾಳಾಗಬಹುದು ಅಂತ ಎಫ್‌ಡಿಎ 2022ರ ಜನವರಿಯಲ್ಲಿ ಎಚ್ಚರಿಸಿದೆ. ಇವರ ಹಲ್ಲೂ ಆ ಸ್ಥಿತಿಯಲ್ಲಿತ್ತು. ಎರಡು ವರ್ಷದಿಂದ ನಾನು ಶುದ್ಧವಾಗಿದ್ದೀನಿ, ನನಗೆ ಆ ಮಾತ್ರೆ ಮಾತ್ರ ಕೊಡಬೇಡಿ ಅಂತ ಅವರೇ ಕೈ ಹಿಡಿದು ಹೇಳಿದರು. ಅಂಥವರ ಬುಪ್ರೆನಾರ್ಫಿನ್ ನಿಲ್ಲಿಸಬಾರದು. ಅದನ್ನು ಕೊಡುವ ಡಾಕ್ಟರಿಗೆ ಫೋನ್ ಮಾಡಿ, ಉದ್ದ ಜೋಮಿನ ಇಂಜೆಕ್ಷನ್ ಕೊಟ್ಟು, ಐಬುಪ್ರೊಫೆನ್ ಅಸಿಟಮಿನೋಫೆನ್ನಿನಲ್ಲೇ ದಾಟಿಸಿದೆವು. ಔಷಧಿ ಪೂರ್ತಿ ಕರಗಿದ ಮೇಲೆ ನೀರು ಮುಕ್ಕಳಿಸಿ ನುಂಗಿ, ಒಂದು ಗಂಟೆ ಬಿಟ್ಟು ಹಲ್ಲುಜ್ಜಿ ಅಂತ ಹೇಳಿಕೊಟ್ಟೆ. ಇದನ್ನು ಅವರಿಗೆ ಅದುವರೆಗೆ ಯಾರೂ ಹೇಳಿರಲಿಲ್ಲ.

ವ್ಯಸನ ಬಿಡಿಸಲು ಮೆಥಡೋನ್ ಕ್ಲಿನಿಕ್ಕಿನಲ್ಲಿ ಕುಡಿಸುವ ಔಷಧಿ ಸಾಮಾನ್ಯವಾಗಿ ಈ ವರದಿಯಲ್ಲಿ ಕಾಣುವುದಿಲ್ಲ. ಅದಕ್ಕೇ ವರದಿ ಖಾಲಿ ಇದ್ದರೂ ಬಾಯಿಬಿಟ್ಟು ಕೇಳಬೇಕು, ಮೆತ್ತಗೆ, ಬೇರೆಯವರ ಕಿವಿಗೆ ಬೀಳದ ಹಾಗೆ.

ಮಕ್ಕಳು

ಕೋಡೀನ್, ಟ್ರಮಡಾಲ್ ಎರಡನ್ನೂ ಹನ್ನೆರಡು ತುಂಬದ ಮಕ್ಕಳಿಗೆ ಕೊಡಲೇಬಾರದು ಅಂತ ಎಫ್‌ಡಿಎ 2017ರ ಏಪ್ರಿಲ್‌ನಲ್ಲಿ ಹೇಳಿದೆ. ಕೆಲವು ಮಕ್ಕಳ ದೇಹ ಅದನ್ನು ತುಂಬ ಬೇಗ ಮಾರ್ಫೀನ್ ಥರದ ಬಲವಾದ ವಸ್ತುವಾಗಿ ಬದಲಿಸುತ್ತದೆ, ಉಸಿರು ಕಟ್ಟುತ್ತದೆ. ಯಾವ ಮಗುವಿನ ದೇಹ ಹಾಗೆ ಅಂತ ಹೊರಗಿನಿಂದ ಕಾಣುವುದಿಲ್ಲ.

ಒಹಾಯೋದಲ್ಲಿ ಹದಿನೆಂಟರ ಕೆಳಗಿನವರಿಗೆ ಒಪಿಯಾಯ್ಡ್ ಬರೆಯುವ ಮುನ್ನ ಮಗುವಿನ ಜೊತೆಗೂ ಅಪ್ಪ ಅಮ್ಮನ ಜೊತೆಗೂ ವ್ಯಸನದ ಅಪಾಯದ ಬಗ್ಗೆ ಮಾತಾಡಿ ಬರಹದ ಒಪ್ಪಿಗೆ ಪಡೆಯಬೇಕು. 2014ರಿಂದ ಈ ಕಾನೂನಿದೆ. ಅಪ್ಪ ಅಮ್ಮ ಬರಲಾಗದೆ, ಅವರು ಬರೆದು ಅಧಿಕಾರ ಕೊಟ್ಟ ಅಜ್ಜಿಯೋ ಮಾವನೋ ಸಹಿ ಹಾಕಿದರೆ 72 ಗಂಟೆಗಿಂತ ಹೆಚ್ಚು ಬರೆಯುವ ಹಾಗಿಲ್ಲ. ಈ ಮಾತುಕತೆಯನ್ನು ಸಹಿ ತಗೊಳ್ಳುವ ಶಾಸ್ತ್ರ ಮಾಡಬೇಡಿ. ಹದಿನಾರು, ಹದಿನೇಳರ ಹುಡುಗರು ಅಮೆರಿಕದಲ್ಲಿ ಮೊದಲ ಒಪಿಯಾಯ್ಡ್ ಕಾಣುವುದು ಎಷ್ಟೋ ಸಲ ನಮ್ಮ ಕೈಯಿಂದಲೇ. 2015ರಲ್ಲಿ ಹಲ್ಲಿನ ಡಾಕ್ಟರಿಂದ ಒಪಿಯಾಯ್ಡ್ ಪಡೆದ 16ರಿಂದ 25 ವಯಸ್ಸಿನವರನ್ನು ಒಂದು ಅಧ್ಯಯನ ಹಿಂಬಾಲಿಸಿತು. ಮೂರು ತಿಂಗಳು ಕಳೆದ ಮೇಲೆ, ವರ್ಷ ತುಂಬುವುದರೊಳಗೆ ಮತ್ತೆ ಒಪಿಯಾಯ್ಡ್ ಚೀಟಿ ಪಡೆದವರು ಅವರಲ್ಲಿ ನೂರಕ್ಕೆ 6.9. ಪಡೆಯದ ಗುಂಪಿನಲ್ಲಿ ನೂರಕ್ಕೆ 0.1. ನಾನು ಈ ಎರಡು ಅಂಕೆಯನ್ನು ತಾಯಂದಿರಿಗೆ ಹೇಳುತ್ತೇನೆ. ಹೆಚ್ಚಿನವರು ಹಾಗಾದರೆ ಐಬುಪ್ರೊಫೆನ್ನೇ ಕೊಡಿ ಅನ್ನುತ್ತಾರೆ.

ನೆಂಟರು, ಸ್ನೇಹಿತರು

ಯುಗಾದಿ ಊಟದ ಸಾಲಿನಲ್ಲಿ ಒಬ್ಬರು ಪಕ್ಕಕ್ಕೆ ಕರೆದು, "ನೀವು ಡಾಕ್ಟ್ರಲ್ವಾ, ಬೆನ್ನು ಹಿಡ್ಕೊಂಡಿದೆ, ಒಂದೆರಡು ಸ್ಟ್ರಾಂಗ್ ಮಾತ್ರೆ ಬರ್ಕೊಡಿ" ಅಂದರು. ಅವರು ಒಳ್ಳೆಯವರೇ, ನೋವೂ ನಿಜವೇ. ಆದರೆ ಹಲ್ಲಿನ ಡಾಕ್ಟರು ಬರೆಯಬಹುದಾದದ್ದು ಹಲ್ಲು, ಬಾಯಿ, ದವಡೆಯ ಚಿಕಿತ್ಸೆಗೆ ಮಾತ್ರ. ಬೆನ್ನಿಗೆ ಬರೆದರೆ ಲೈಸೆನ್ಸ್ ಹೋಗಬಹುದು. ಮನೆಯವರಿಗೆ, ನಮಗೆ ನಾವೇ ಬರೆದುಕೊಳ್ಳುವುದಂತೂ ದೂರ. ಇದು ಹೇಳಲು ಕಷ್ಟದ ಮಾತು, ನಮ್ಮವರಿಗೆ ಇಲ್ಲ ಅನ್ನಲು ಬಾಯಿ ಬರುವುದಿಲ್ಲ. ನಾನು ಹೀಗೆ ಹೇಳುತ್ತೇನೆ: "ಅಣ್ಣಾ, ನನ್ನ ಲೈಸೆನ್ಸ್ ಹಲ್ಲಿಗೆ ಮಾತ್ರ. ನಾಳೆ ಬೆಳಿಗ್ಗೆ ನಿಮ್ಮ ಡಾಕ್ಟರಿಗೆ ಫೋನ್ ಮಾಡಿ, ಬೇಕಿದ್ರೆ ನಾನೇ ಅಪಾಯಿಂಟ್‌ಮೆಂಟ್ ಹಿಡಿಸಿಕೊಡ್ತೀನಿ." ಆ ಸಲ ಹಿಡಿಸಿಕೊಟ್ಟೆ ಕೂಡ.

ಈ ನಿಯಮಗಳೆಲ್ಲ ಯಾಕೆ ಇಷ್ಟು ಬಿಗಿ ಅಂತ ಬೇಸರವಾದಾಗ ನಮ್ಮದೇ ನದಿಯ ಮೇಲ್ಗಡೆಯ ಪೋರ್ಟ್ಸ್‌ಮತ್ ನೆನಪಿಸಿಕೊಳ್ಳುತ್ತೇನೆ. ನೋವಿನ ಕ್ಲಿನಿಕ್ ಅಂತ ಬೋರ್ಡ್ ಹಾಕಿಕೊಂಡು ಮಾತ್ರೆ ಮಾರಿದ ಜಾಗಗಳಿಂದ ಆ ಪುಟ್ಟ ಊರು ದೇಶಕ್ಕೆಲ್ಲ ಪರಿಚಯವಾಯಿತು. ಒಹಾಯೋ 2011ರಲ್ಲಿ ಅಂಥ ಕ್ಲಿನಿಕ್ಕುಗಳಿಗೆ ಕಡಿವಾಣ ಹಾಕಿತು. ನನ್ನ ರೋಗಿಗಳಲ್ಲಿ ಆ ಕಡೆಯಿಂದ ಬಂದವರಿದ್ದಾರೆ. ಅವರು ಕಳೆದುಕೊಂಡ ಅಣ್ಣ, ತಂಗಿ, ಮಕ್ಕಳ ಬಗ್ಗೆ ಹಲ್ಲಿನ ಕುರ್ಚಿಯಲ್ಲಿ ಕೂತು ಹೇಳುತ್ತಾರೆ.

ಕಡತದಲ್ಲಿ ಏನಿರಬೇಕು, ಮನೆಯಲ್ಲಿ ಏನಿರಬಾರದು

ಕಡತದಲ್ಲಿ ನಾನು ಬರೆಯುವುದು ಐದಾರು ಸಾಲು. ಯಾವ ಹಲ್ಲು, ಏನು ಮಾಡಿದೆ. ಐಬುಪ್ರೊಫೆನ್ ಸಾಕಾಗದು ಅನ್ನಿಸಿದ್ದು ಯಾಕೆ. ಓರ್ಸ್ ಅಥವಾ ಕ್ಯಾಸ್ಪರ್ ನೋಡಿದ ದಿನ, ಅದರಲ್ಲಿ ಕಂಡದ್ದು. ಯಾವ ಮಾತ್ರೆ, ಎಷ್ಟು, ಎಷ್ಟು ದಿನಕ್ಕೆ, ಎಂಇಡಿ ಎಷ್ಟು. ಅಪಾಯದ ಮಾತು ಯಾರ ಜೊತೆ ಆಡಿದೆ. ಇದನ್ನು ರೋಗಿ ಕುರ್ಚಿಯಿಂದ ಏಳುವ ಮುಂಚೆಯೇ ಬರೆದು ಮುಗಿಸಿ. ಸಂಜೆ ನೆನಪು ಮಾಡಿಕೊಂಡು ಬರೆದರೆ ಒಂದಾದರೂ ಬಿಟ್ಟುಹೋಗುತ್ತದೆ. ಕಂಪ್ಯೂಟರಿನಲ್ಲಿ 20 ಮಾತ್ರೆಯ ಸಿದ್ಧ ನಮೂನೆ ಇದ್ದರೆ ಕೆಲಸಕ್ಕೆ ಸೇರಿದ ಮೊದಲ ದಿನವೇ ಅಳಿಸಿಬಿಡಿ. ಮಾತ್ರೆಯ ಸಂಖ್ಯೆ ಪ್ರತಿ ಸಲ ನಿಮ್ಮ ಬೆರಳಿನಿಂದಲೇ ಟೈಪ್ ಆಗಲಿ.

ಎರಡನೇ ದಿನ ಸಂಜೆ ನಾನೇ ಫೋನ್ ಮಾಡುತ್ತೇನೆ. ನೋವು ಹೇಗಿದೆ, ಊತ ಇಳಿದಿದೆಯಾ, ಎಷ್ಟು ಮಾತ್ರೆ ಉಳಿದಿದೆ. ಕೊನೆಯ ಪ್ರಶ್ನೆಯನ್ನು ಬಿಡುವುದಿಲ್ಲ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು ಬುದ್ಧಿಹಲ್ಲು ತೆಗೆಸಿಕೊಂಡವರನ್ನು ಕೇಳಿದಾಗ, ಸರಾಸರಿ 28 ಒಪಿಯಾಯ್ಡ್ ಮಾತ್ರೆಯಲ್ಲಿ 15 ಮೂರು ವಾರದ ಮೇಲೂ ಹಾಗೇ ಉಳಿದಿದ್ದವು.

ಉಳಿದದ್ದನ್ನು ಏನು ಮಾಡಬೇಕು ಅಂತ ಚೀಟಿ ಕಳಿಸುವ ದಿನವೇ ಹೇಳಿ. ಎಷ್ಟೋ ಫಾರ್ಮಸಿಗಳಲ್ಲಿ, ಪೊಲೀಸ್ ಠಾಣೆಗಳಲ್ಲಿ ಹಳೇ ಮಾತ್ರೆ ಹಾಕುವ ಪೆಟ್ಟಿಗೆ ಇದೆ. ಏಪ್ರಿಲ್ ಮತ್ತು ಅಕ್ಟೋಬರ್‌ನಲ್ಲಿ ಡಿಇಎ ನಡೆಸುವ ಟೇಕ್ ಬ್ಯಾಕ್ ದಿನದಂದು ಹೆಸರು ಕೇಳದೆ ತಗೊಳ್ಳುತ್ತಾರೆ. ಹತ್ತಿರದಲ್ಲಿ ಯಾವುದೂ ಇಲ್ಲದಿದ್ದರೆ ಹೈಡ್ರೊಕೊಡೋನ್, ಆಕ್ಸಿಕೊಡೋನ್ ಎರಡನ್ನೂ ಟಾಯ್ಲೆಟ್‌ಗೆ ಹಾಕಿ ನೀರು ಬಿಡಬಹುದು, ಎಫ್‌ಡಿಎಯ ಆ ಪಟ್ಟಿಯಲ್ಲಿ ಅವು ಇವೆ. ಅಲ್ಲಿಯವರೆಗೆ ಬೀಗದೊಳಗೆ ಇರಲಿ. ಮನೆಯಲ್ಲಿ ಹದಿಹರೆಯದವರಿದ್ದರೆ ಮಾತ್ರೆ ಕೊಡುವ ಕೈ ಅಮ್ಮನದ್ದೋ ಅಪ್ಪನದ್ದೋ ಆಗಿರಲಿ. ಒಪಿಯಾಯ್ಡ್ ಹೆಚ್ಚಾಗಿ ಉಸಿರು ನಿಲ್ಲುತ್ತಿದ್ದರೆ ಅದನ್ನು ಮರಳಿಸಲು ಮೂಗಿಗೆ ಸಿಂಪಡಿಸುವ ನಾರ್ಕ್ಯಾನ್ ಕೊಳ್ಳಲು 2023ರಿಂದ ಚೀಟಿ ಬೇಕಿಲ್ಲ, ಒಂದನ್ನು ತಂದಿಟ್ಟುಕೊಳ್ಳಿ ಅಂತಲೂ ಹೇಳುತ್ತೇನೆ.

ಆ ತಾಯಿ ಡಬ್ಬಿ ಎಣಿಸಿದ ವಾರ, ಉಳಿದಿದ್ದ ಹನ್ನೊಂದು ಮಾತ್ರೆಯನ್ನು ನಾನೂ ಅವರೂ ಒಟ್ಟಿಗೆ ಹೋಗಿ ಪೊಲೀಸ್ ಠಾಣೆಯ ಪೆಟ್ಟಿಗೆಗೆ ಹಾಕಿ ಬಂದೆವು.